ಗಾಳಿ ಹೊದ್ದುಕೊಂಡ ನಾಗು

"ಬೇಗ ಬಾ, ಗಾಳಿಯಲ್ಲೇ ಕಂಬಳಿ ಮಾಡಿದ್ದೇನೆ" ಎಂದು ಗಿರಿ ಫೋನ್ ಮಾಡಿದಾಗಲೇ ನನಗೆ ಅನುಮಾನ ಬಂತು. ಗಾಳಿಯಲ್ಲಿ ಗೋಪುರ ಕಟ್ಟುವವರನ್ನು ಬೇಕಾದಷ್ಟು ನೋಡಿದ್ದೇನೆ. ಕಂಬಳಿ ಮಾತ್ರ ಹೊಸದು.

ಹೋಗಿ ನೋಡಿದರೆ ಕೋಣೆಯ ಮಧ್ಯೆ ನಾಗು ಅಂಗಾತ ಮಲಗಿದ್ದಾನೆ. ಅವನ ಮೇಲೆ ಆಳುದ್ದದ ಒಂದು ಪ್ಲಾಸ್ಟಿಕ್ ದಿಂಬು. ಗಿರಿ ಎರಡು ಪ್ಲಾಸ್ಟಿಕ್ ಹಾಳೆ ಜೋಡಿಸಿ, ಮೇಲೆ ಕಾಗದ ಇಟ್ಟು, ಇಸ್ತ್ರಿಪೆಟ್ಟಿಗೆಯಿಂದ ನಾಲ್ಕೂ ಅಂಚು ಅಂಟಿಸಿದ್ದಾನೆ. ಒಂದು ಮೂಲೆಗೆ ಹೇರ್ ಡ್ರೈಯರ್ ಸಿಕ್ಕಿಸಿದ್ದಾನೆ. ದಿಂಬು ಬಿಗಿಯಾಗಿ ಊದಿಕೊಂಡು, ನಾಗುವಿನ ಹೊಟ್ಟೆಯ ಮೇಲೆ ನಿಲ್ಲಲಾರದೆ ಪದೇಪದೇ ಉರುಳಿ ಬೀಳುತ್ತಿದೆ.

"ಬೆಚ್ಚಗಿದೆಯಾ?" ಎಂದ ಗಿರಿ.

"ದಿಂಬು ಬೆಚ್ಚಗಿದೆ. ನಾನು ತಣ್ಣಗಿದ್ದೇನೆ" ಎಂದ ನಾಗು. ಚುಚ್ಚುಮಾತಿನಲ್ಲಿ ಅವನನ್ನು ಮೀರಿಸುವವರಿಲ್ಲ.

ಅಷ್ಟರಲ್ಲಿ ಶೈಲಾ ಬಂದಳು. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಕೊಡುವ ಡಾಕ್ಟರ್ ಅವಳು. ಬಂದವಳೇ ಮೊದಲು ಡ್ರೈಯರಿನ ಸ್ವಿಚ್ ಆರಿಸಿದಳು.

"ನಮ್ಮಲ್ಲಿ ಇಂಥದ್ದೇ ಹೊದಿಕೆ ಇದೆ ಕಣೋ. 1980ರ ದಶಕದ ಕೊನೆಯಿಂದಲೂ ಆಸ್ಪತ್ರೆಗಳಲ್ಲಿ ಬಳಸುತ್ತಾರೆ. ಅದರ ಗಾಳಿ 43 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲಬೇಕು. ಹೊದಿಕೆ ಇಲ್ಲದೆ ಬರೀ ಕೊಳವೆಯನ್ನು ರೋಗಿಯ ಮೈಗೆ ಹಿಡಿಯಲೇಬಾರದು, ಸುಟ್ಟುಹೋಗುತ್ತದೆ. ನಿನ್ನ ಡ್ರೈಯರಿಗೆ ಇದೆಲ್ಲ ಗೊತ್ತಾ?"

ಗಿರಿಯ ಮುಖ ಸಪ್ಪಗಾಯಿತು. "ಆದರೂ ನೋಡು, ಒಂದು ಚೂರೂ ಸೋರುವುದಿಲ್ಲ" ಎಂದು ದಿಂಬನ್ನು ತಟ್ಟಿದ.

"ಅದೇ ತಪ್ಪು. ಸೋರಬೇಕು."

ನಾವು ಮೂವರೂ ಅವಳ ಮುಖ ನೋಡಿದೆವು. ಟೈರು, ಬಲೂನು, ಕೊಡ ಎಲ್ಲಕ್ಕೂ ಸೋರುವುದೇ ರೋಗ. ಸೋರುವುದೇ ಕೆಲಸವಾದ ವಸ್ತುವೊಂದು ಇದೆ ಎಂದರೆ ನಂಬುವುದು ಹೇಗೆ?

ಶೈಲಾ ಬಿಡಿಸಿ ಹೇಳಿದಳು. ಒಳಗೆ ನಿಂತ ಗಾಳಿ ಬಿಸಿಯನ್ನು ಸುಲಭಕ್ಕೆ ದಾಟಿಸುವುದಿಲ್ಲ. ಸ್ವೆಟರ್ ಬೆಚ್ಚಗಿರುವುದೂ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದಲೇ. ಗಾಳಿ ಬಿಸಿ ಹೊತ್ತು ತರಬೇಕಾದರೆ ಹರಿಯಬೇಕು. ಹೊದಿಕೆಯ ಕೆಳಗಿನ ಹಾಳೆಯಲ್ಲಿ ನೂರಾರು ಸಣ್ಣ ತೂತು ಇರುತ್ತವೆ. ಅಲ್ಲಿಂದ ಬಿಸಿಗಾಳಿ ಮೈಮೇಲೆ ಹರಡಿ, ಬಿಸಿ ಕೊಟ್ಟು, ಅಂಚಿನಿಂದ ಹೊರಗೆ ಹೋಗುತ್ತದೆ.

"ಹಳಬರು ಎದ್ದರೆ ತಾನೇ ಹೊಸಬರಿಗೆ ಕುರ್ಚಿ" ಎಂದ ನಾಗು, ನೆಲದಿಂದಲೇ.

"ಅಷ್ಟೆಲ್ಲ ಯಾಕೆ? ನಾಲ್ಕು ಕಂಬಳಿ ಹೊದಿಸಿದರೆ ಆಗದಾ?" ಎಂದು ನಾನು ಕೇಳಿದೆ.

"ಅರಿವಳಿಕೆ ಕೊಟ್ಟ ಕೂಡಲೇ ರಕ್ತನಾಳಗಳು ಸಡಿಲವಾಗುತ್ತವೆ. ಒಡಲಿನ ಬಿಸಿ ಕೈಕಾಲಿಗೆ ಹರಿದುಹೋಗುತ್ತದೆ. ಮೊದಲ ಒಂದು ಗಂಟೆಯಲ್ಲೇ ಒಳಮೈ 1ರಿಂದ 1.5 ಡಿಗ್ರಿ ತಣ್ಣಗಾಗಬಹುದು. ರೋಗಿ ನಡುಗುವುದೂ ಇಲ್ಲ, ಚಳಿ ಎಂದು ಹೇಳುವುದೂ ಇಲ್ಲ. 36 ಡಿಗ್ರಿಗಿಂತ ಇಳಿದರೆ ರಕ್ತಸ್ರಾವ ಜಾಸ್ತಿ. 1996ರಲ್ಲಿ ದೊಡ್ಡಕರುಳಿನ ಆಪರೇಷನ್ ಆದ 200 ಜನರ ಮೇಲೆ ಒಂದು ಅಧ್ಯಯನ ಬಂತು. ಬೆಚ್ಚಗಿಟ್ಟವರಲ್ಲಿ 100ಕ್ಕೆ 6 ಜನರಿಗೆ ಗಾಯ ಸೋಂಕಾಯಿತು, ತಣ್ಣಗಾದವರಲ್ಲಿ 100ಕ್ಕೆ 19. ಕಂಬಳಿ ಇರುವ ಬಿಸಿಯನ್ನು ಉಳಿಸುತ್ತದೆ ಅಷ್ಟೇ. ಹೊಸದಾಗಿ ಕೊಡುವುದಿಲ್ಲ."

ಇಷ್ಟು ಕೇಳಿದ ಮೇಲೆ ಗಿರಿಗೆ ಹುರುಪು ಬಂತು. "ಸರಿ, ಇದು ಯಾಕೆ ಉರುಳುತ್ತದೆ ಹೇಳು."

ಇದಕ್ಕೆ ಉತ್ತರ ಹೇಳಿದವನು ನಾನು. ಸುಮ್ನೆ ಜಂಬ ಅಲ್ಲ, ಪೆನ್ನು ಹಿಡಿದು ಲೆಕ್ಕ ಹಾಕಿದೆ. 90 ಸೆಂಟಿಮೀಟರ್ ಅಗಲದ ಎರಡು ಹಾಳೆಯ ಅಂಚು ಮಾತ್ರ ಅಂಟಿಸಿ ಊದಿದರೆ ಅದು ದುಂಡಗಾಗಿಬಿಡುತ್ತದೆ. ಸುತ್ತಳತೆ 180, ಅಗಲ ಸುಮಾರು 57. ಹೊದಿಕೆಯ ಮೂರನೇ ಒಂದು ಭಾಗಕ್ಕೂ ಜಾಸ್ತಿ ಊದುವುದರಲ್ಲೇ ಮಾಯ! ಗಾಳಿಗೆ ಚಪ್ಪಟೆ ಎಂದರೆ ಆಗುವುದಿಲ್ಲ. ಅದಕ್ಕೇ ನಡುನಡುವೆ ಚುಕ್ಕೆಚುಕ್ಕೆಯಾಗಿ ಎರಡೂ ಹಾಳೆಯನ್ನು ಅಂಟಿಸಬೇಕು, ರಜಾಯಿಗೆ ಹೊಲಿಗೆ ಹಾಕಿದ ಹಾಗೆ. ಚುಕ್ಕೆಯ ಬದಲು ಉದ್ದುದ್ದ ಗೆರೆ ಅಂಟಿಸಿದರೆ ಸಾಲು ಕೊಳವೆಗಳಾಗುತ್ತವೆ. ಆಗ ಅದು ಚಾಪೆಯಂತೆ ಒಂದೇ ಕಡೆಗೆ ಬಾಗುತ್ತದೆ. ಕೊಳವೆ ತಲೆಯಿಂದ ಕಾಲಿನ ಕಡೆಗಿದ್ದರೆ ಮೈಯನ್ನು ಬಳಸುತ್ತದೆ. ಅಡ್ಡಡ್ಡ ಇದ್ದರೆ ಮೈಮೇಲೆ ಹಲಗೆ ಇಟ್ಟಂತೆ.

"ಬಿಸಿಯ ಕಥೆ ಸಾಕು. ನನಗೆ ಸೆಕೆಯಾದರೆ?" ಎಂದ ನಾಗು. ಎರಡು ನಿಮಿಷದ ಹಿಂದೆ ಚಳಿ ಎಂದವನು.

"ತಣ್ಣನೆಯ ಗಾಳಿ ಬಿಡುವುದು, ಅಷ್ಟೇ" ಎಂದ ಗಿರಿ.

ಅಷ್ಟೇ ಅಲ್ಲ. ಒಂದು ಸಾವಿರ ಲೀಟರ್ ಗಾಳಿ 10 ಡಿಗ್ರಿ ಬಿಸಿಯಾಗುವಾಗ ಹೊರುವ ಶಾಖ ಸುಮಾರು 12 ಕಿಲೋಜೌಲ್. ಒಂದೇ ಒಂದು ಲೀಟರ್ ನೀರು 42 ಹೊರುತ್ತದೆ. ಗಾಳಿ ಬಡಪಾಯಿ ಕೂಲಿ. ಆದರೆ ಅದಕ್ಕೊಬ್ಬ ಜೊತೆಗಾರ ಇದ್ದಾನೆ, ಬೆವರು. ಒಂದು ಗ್ರಾಂ ಬೆವರು ಆರುವಾಗ 2.4 ಕಿಲೋಜೌಲ್ ಒಯ್ಯುತ್ತದೆ. ಜಪಾನಿನಲ್ಲಿ ಬಿಸಿಲಲ್ಲಿ ದುಡಿಯುವವರು ಹಾಕುವ ಫ್ಯಾನ್ ಜಾಕೆಟ್ ನಡೆಯುವುದೇ ಹೀಗೆ. ಸೊಂಟದ ಹತ್ತಿರ ಎರಡು ಪುಟ್ಟ ಫ್ಯಾನು. ಜಾಕೆಟ್ ಊದಿಕೊಂಡು, ಗಾಳಿ ಮೈಸವರಿ ಕೊರಳು ಮತ್ತು ತೋಳಿನಿಂದ ಸೋರುತ್ತದೆ. ಇಲ್ಲೂ ಸೋರಿಕೆಯೇ ನೋಡಿ! ಹೊರಗಿನ ಗಾಳಿ ತೇವದಿಂದ ತುಂಬಿದ್ದರೆ ಮಾತ್ರ ಬೆವರು ಆರುವುದಿಲ್ಲ. ಆಗ ಜಾಕೆಟ್ ಊದಿಕೊಂಡದ್ದೇ ಬಂತು.

"ಬಾಹ್ಯಾಕಾಶದಲ್ಲೂ ಗಾಳಿ ಸೋತಿದೆ" ಎಂದಳು ಶೈಲಾ. 1966ರ ಜೂನ್‌ನಲ್ಲಿ ಜೆಮಿನಿ 9ಎ ನೌಕೆಯಿಂದ ಹೊರಬಂದ ಯೂಜೀನ್ ಸೆರ್ನನ್ ಅವರ ಸೂಟಿನೊಳಗೆ ಅನಿಲ ಹರಿಸಿಯೇ ತಂಪು ಮಾಡುತ್ತಿದ್ದರು. ಶ್ರಮ ಹೆಚ್ಚಾಗಿ ಮೈ ಕಾದು, ಮುಖದ ಮುಂದಿನ ಗಾಜು ಮಂಜಾಗಿ, ಅವರು ಕೆಲಸ ಅರ್ಧಕ್ಕೇ ಬಿಟ್ಟು ಒಳಗೆ ಬರಬೇಕಾಯಿತು. ಚಂದ್ರನ ಮೇಲೆ ನಡೆದ ಅಪೊಲೊ ಯಾತ್ರಿಕರು ನೀರು ಹರಿಯುವ ಸಣ್ಣ ಕೊಳವೆಗಳ ಒಳಉಡುಪು ತೊಟ್ಟರು.

"ಅಯ್ಯೋ, ಇದಕ್ಕೆ ಬಾಹ್ಯಾಕಾಶ ಯಾಕೆ?" ಎಂದು ಗಿರಿ ತನ್ನ ಅಂಗೈಗೆ ಬಾಯಿ ಅಗಲಿಸಿ 'ಹಾ' ಎಂದ. ಬೆಚ್ಚಗೆ. ತುಟಿ ಕೂಡಿಸಿ 'ಉಫ್' ಎಂದ. ತಣ್ಣಗೆ. ನಾವೆಲ್ಲರೂ ಹಾ, ಉಫ್ ಮಾಡುತ್ತ ಕುಳಿತೆವು. ಯಾರಾದರೂ ನೋಡಿದ್ದರೆ ವೈದ್ಯರನ್ನು ಕರೆಸುತ್ತಿದ್ದರು. ವೈದ್ಯರೂ ಉಫ್ ಎನ್ನುತ್ತಿದ್ದರು. ಬಾಯೊಳಗಿನ ಗಾಳಿ ಒಂದೇ. ಉಫ್ ಎಂದಾಗ ಜೋರಾಗಿ ನುಗ್ಗುವ ಗಾಳಿ ಸುತ್ತಲಿನ ತಣ್ಣನೆಯ ಗಾಳಿಯನ್ನೂ ಎಳೆದುಕೊಂಡು ಬರುತ್ತದೆ, ಅಷ್ಟೇ.

ಅದರಿಂದಲೇ ಶೈಲಾಗೆ ಉಪಾಯ ಹೊಳೆಯಿತು. ಡ್ರೈಯರನ್ನು ಮೂಲೆಗೆ ಸಿಕ್ಕಿಸುವುದು ಬೇಡ, ಒಂದು ಗೇಣು ದೂರ ಹಿಡಿದರೆ ಕೋಣೆಯ ಗಾಳಿಯೂ ಬೆರೆತು ಬಿಸಿ ಇಳಿಯುತ್ತದೆ. ಗಿರಿ ಇಸ್ತ್ರಿಪೆಟ್ಟಿಗೆಯ ಮೂತಿಯಿಂದ ಚುಕ್ಕೆಗಳನ್ನು ಅಂಟಿಸಿದ. ನಾನು ಪೆನ್ನಿನಿಂದ 200 ತೂತಿಗೆ ಗುರುತು ಹಾಕಿದೆ. ಚುಚ್ಚುವ ಕೆಲಸ ಯಾರಿಗೆ? ಮೂವರೂ ಒಟ್ಟಿಗೆ ನಾಗುವಿಗೆ ಸೂಜಿ ಕೊಟ್ಟೆವು.

ಅರ್ಧ ಗಂಟೆ ಶ್ರದ್ಧೆಯಿಂದ ಚುಚ್ಚಿದ. ಆಮೇಲೆ ಹೊದ್ದು ಮಲಗಿದ. ಶೈಲಾ ಡ್ರೈಯರ್ ಹಿಡಿದಳು. ಈ ಸಲ ಹೊದಿಕೆ ಉರುಳಲಿಲ್ಲ, ಮೆಲ್ಲಗೆ ಉಬ್ಬಿ ಅವನ ಮೈಗೆ ಕವಿದುಕೊಂಡಿತು. ಮೇಲೆ ಕೈಯಾಡಿಸಿದೆ. ಹಿತವಾದ ಬಿಸಿ. ಥರ್ಮಾಮೀಟರ್ 38 ತೋರಿಸಿತು. ಗಿರಿಯೂ ಕೈ ಚಾಚಿದ.

"ತಡಿ, ಮೇಲೆ ಯಾಕೆ ಬಿಸಿಗಾಳಿ ಬರುತ್ತಿದೆ?" ಎಂದಳು ಶೈಲಾ. "ನಾಗು, ಕೆಳಗಿನ ಹಾಳೆಗೆ ಮಾತ್ರ ತಾನೇ ಚುಚ್ಚಿದ್ದು?"

"ಚುಚ್ಚಲು ಕೂತರೆ ನಾನು ಅರ್ಧಕ್ಕೆ ನಿಲ್ಲಿಸುವವನಲ್ಲ" ಎಂಬ ಮಾತು ಒಳಗಿನಿಂದ ಬಂತು. "ಎರಡೂ ಹಾಳೆ ದಾಟಿಸಿದ್ದೇನೆ. ಈಗ ಯಾರಾದರೂ ಒಂದು ಕಂಬಳಿ ಕೊಡಿ."