ಸಹಾಯ ಬೇಕು: ಶುಗರ್, ಕಿಡ್ನಿ ತೊಂದರೆ ಇರುವ ಅಮ್ಮನ ಸ್ನಾಯು ಕರಗುತ್ತಿದೆ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 72 ವರ್ಷ. ಶುಗರ್ ಹಳೆಯದು, ಈಗ ಕಿಡ್ನಿ ಕಾಯಿಲೆಯೂ ಮೂರನೇ ಹಂತದಲ್ಲಿದೆ. ತೂಕ ಅಷ್ಟೇನೂ ಇಳಿದಿಲ್ಲ, ಹೊಟ್ಟೆ ಹಾಗೇ ಇದೆ. ಆದರೆ ತೊಡೆ, ಮೀನಖಂಡ ಸಣ್ಣಗಾಗಿವೆ. ನೆಲದಿಂದ ಏಳಲು ಗೋಡೆ ಹಿಡಿಯಬೇಕು. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗಿಸಲು ನನ್ನನ್ನು ಕರೆಯುತ್ತಾರೆ.

‘ವಯಸ್ಸಾಯ್ತಲ್ಲ’ ಅಂತ ನೆಂಟರು ಸುಮ್ಮನಾಗುತ್ತಾರೆ. ವಯಸ್ಸೊಂದೇ ಕಾರಣ ಅಲ್ಲ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದರೆ ಸ್ನಾಯು ಬೆಳೆಯುವುದು ಕುಂಠಿತವಾಗುತ್ತದೆ. ಕಿಡ್ನಿ ಸೋತು ರಕ್ತದಲ್ಲಿ ಆಮ್ಲ ಜಾಸ್ತಿಯಾದರೆ ಇದ್ದ ಸ್ನಾಯುವೂ ಕರಗುತ್ತದೆ. ಊಟದ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದೇ ಸ್ನಾಯು, ಅದು ಕಡಿಮೆಯಾದರೆ ಶುಗರ್ ಮತ್ತೆ ಏರುತ್ತದೆ. ಹೀಗೆ ಸ್ನಾಯುವೂ ಅದರ ಶಕ್ತಿಯೂ ಕುಂದುವುದಕ್ಕೆ ಸಾರ್ಕೋಪೀನಿಯಾ ಅನ್ನುತ್ತಾರೆ. ಏಷ್ಯಾದವರಿಗಾಗಿ ಮಾಡಿದ 2019ರ ಮಾನದಂಡದಲ್ಲಿ ಹೆಂಗಸರ ಮೀನಖಂಡದ ಸುತ್ತಳತೆ 33 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಮುಂದಿನ ಪರೀಕ್ಷೆ ಮಾಡಬೇಕು ಅಂತಿದೆ. ಟೈಲರ್ ಟೇಪ್ ಹಿಡಿದು ಅಳೆದೆ. ಅಮ್ಮನದು 29.

ಕಿಡ್ನಿ ಹೇಗಿದೆ ಅಂತ ತಿಳಿಯಲು ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್ ಬರುವುದೂ ಸ್ನಾಯುವಿನಿಂದಲೇ ಅಲ್ವಾ? ಸ್ನಾಯು ಕಡಿಮೆ ಇದ್ದವರಲ್ಲಿ ಕಿಡ್ನಿ ಇರುವುದಕ್ಕಿಂತ ಚೆನ್ನಾಗಿದೆ ಅಂತ ರಿಪೋರ್ಟ್ ತೋರಿಸಬಹುದು. ಸ್ನಾಯುವನ್ನು ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್ ಸಿ ಅನ್ನುವ ಕಿಡ್ನಿ ರಕ್ತಪರೀಕ್ಷೆ ಯಾರಾದರೂ ಮಾಡಿಸಿದ್ದೀರಾ?

ದೊಡ್ಡ ಗೊಂದಲ ಊಟದ್ದು. ಕಿಡ್ನಿ ಡಾಕ್ಟರು ಪ್ರೋಟೀನ್ ಕೆ.ಜಿ. ತೂಕಕ್ಕೆ 0.8 ಗ್ರಾಂ ಮೀರಬಾರದು ಅಂದರು. ಫಿಸಿಯೋಥೆರಪಿಯವರು ಜಾಸ್ತಿ ಕೊಡಿ ಅಂತಾರೆ. ಅಮ್ಮ ಮೊಟ್ಟೆ ಮುಟ್ಟುವುದಿಲ್ಲ. ಎರಡೂ ಕಾಯಿಲೆ ತಿಳಿದ ಡಯಟೀಷಿಯನ್ ಮೈಸೂರಿನಲ್ಲಿ ಇದ್ದರೆ ದಯವಿಟ್ಟು ತಿಳಿಸಿ. ಮಂಡಿನೋವು ಇದ್ದವರಿಗೆ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ಮಾಡಿಸಿದವರೂ ಹೇಗೆ ಶುರು ಮಾಡಿದಿರಿ ಹೇಳಿ. ಪ್ರೋಟೀನ್ ಪುಡಿಯ ಜಾಹೀರಾತು ಮಾತ್ರ ಬೇಡ.