ಬೊಂಗೊ: ಮಾಚೊ ‘ಧಪ್’ ಅನ್ನುತ್ತದೆ, ಬೆರಳೂ ನೋಯುತ್ತದೆ. ಏನು ಮಾಡಲಿ?

ಹೊಸಲಯ:
ಎಲ್ಲರಿಗೂ ನಮಸ್ಕಾರ. ಬೊಂಗೊ, ಅಂದರೆ ಕೈಯಲ್ಲಿ ಬಾರಿಸುವ ಜೋಡಿ ಡ್ರಮ್, ಕಲಿಯಲು ಶುರು ಮಾಡಿದ್ದೇನೆ. ಹೇಳಿಕೊಡುವವರು ಯಾರೂ ಇಲ್ಲ, ವಿಡಿಯೊ ನೋಡಿಯೇ ಕಲಿಕೆ. ಮಾರ್ತಿಯೊ, ಅಂದರೆ ಬೊಂಗೊದ ಮೂಲ ತಾಳ, ನಿಧಾನಕ್ಕೆ ಹೊಡೆದರೆ ಬರುತ್ತದೆ. ಆದರೆ ಚಿಕ್ಕ ಡ್ರಮ್, ಅಂದರೆ ಮಾಚೊ, ‘ಟಣ್’ ಅನ್ನಬೇಕಾದ ಕಡೆ ‘ಧಪ್’ ಅನ್ನುತ್ತದೆ. ಜೋರಾಗಿ ಹೊಡೆದರೆ ತೋರುಬೆರಳಿನ ನಡುಗೆಣ್ಣು ಕೆಂಪಗಾಗಿ ಊದಿಕೊಳ್ಳುತ್ತದೆ. ಎಡಗೈ ಏನು ಮಾಡಬೇಕು ಅನ್ನುವುದಂತೂ ಗೊತ್ತೇ ಆಗುತ್ತಿಲ್ಲ, ಒಬ್ಬೊಬ್ಬರು ಒಂದೊಂದು ಥರ ತೋರಿಸುತ್ತಾರೆ. ಬೆರಳು ಗಟ್ಟಿಯಾಗುವವರೆಗೆ ಹೀಗೇ ಹೊಡೆಯುತ್ತಾ ಹೋಗಬೇಕಾ?

ಬಿಗಿತೊಗಲು:
ಮೊದಲು ಟ್ಯೂನಿಂಗ್ ನೋಡಿ. ಅಂಗಡಿಯಿಂದ ಬಂದ ಬೊಂಗೊದ ಚರ್ಮ ಸಾಮಾನ್ಯವಾಗಿ ಸಡಿಲವೇ ಇರುತ್ತದೆ. ಮಾಚೊ ತುಂಬಾ ಬಿಗಿ ಇರಬೇಕು. ಸ್ಪ್ಯಾನರ್ ಹಿಡಿದು ಪ್ರತಿ ನಟ್ಟನ್ನೂ ಕಾಲು ಸುತ್ತು ತಿರುಗಿಸಿ, ಎದುರುಬದುರು ನಟ್‌ಗಳನ್ನು ಹಿಡಿದುಕೊಂಡು ಹೋಗಿ. ಒಂದೇ ಕಡೆ ಪೂರ್ತಿ ಬಿಗಿ ಮಾಡಬೇಡಿ, ರಿಂಗ್ ಓರೆಯಾಗುತ್ತದೆ. ಹಿಂದೆ ಕ್ಯೂಬಾದಲ್ಲಿ ಚರ್ಮವನ್ನು ಮೊಳೆ ಹೊಡೆದು ಕೂರಿಸುತ್ತಿದ್ದರು. ಬಿಗಿ ಆಗಬೇಕೆಂದರೆ ಬೆಂಕಿಯ ಶಾಖಕ್ಕೆ ಹಿಡಿಯಬೇಕಿತ್ತು. ನಿಮಗೆ ನಟ್ ಇದೆ, ಧೈರ್ಯವಾಗಿ ತಿರುಗಿಸಿ.

ಸೋನ್‌ಪ್ರೇಮಿ:
ಮೇಲಿನವರು ಹೇಳಿದ್ದು ಸರಿ. ಆದರೆ ನಿಮ್ಮ ಗೆಣ್ಣು ಬೇರೆಯೇ ಕಥೆ ಹೇಳುತ್ತಿದೆ. ನಡುಗೆಣ್ಣು ಊದುತ್ತಿದೆ ಅಂದರೆ ಅದು ಹೋಗಿ ರಿಮ್‌ಗೆ, ಅಂದರೆ ಡ್ರಮ್ಮಿನ ಅಂಚಿಗೆ, ಬಡಿಯುತ್ತಿದೆ. ಕೈ ಜಾಸ್ತಿ ಒಳಗೆ ಹೋಗುತ್ತಿದೆ, ಬೆರಳಿನ ತುದಿ ಚರ್ಮದ ನಡುವಿಗೆ ಬೀಳುತ್ತಿದೆ. ನಡುವಿಗೆ ಹೊಡೆದರೆ ‘ಧಪ್’ ಬಿಟ್ಟು ಬೇರೇನೂ ಬರುವುದಿಲ್ಲ.

ಕೈಯನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ. ಮಾಚೊ ಮೇಲೆ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗಿನ ಭಾಗ ಮಾತ್ರ ಬೀಳಲಿ, ಅದೂ ಅಂಚಿನ ಪಕ್ಕದಲ್ಲೇ. ಬೆರಳನ್ನು ಕೋಲಿನ ಥರ ಸೆಟೆಸಬೇಡಿ. ಮಣಿಕಟ್ಟು ಸಡಿಲ ಬಿಡಿ, ಬೆರಳು ಬಿದ್ದ ಕೂಡಲೇ ತಾನಾಗಿ ಮೇಲೆ ಬರಲಿ. ಚರ್ಮದ ಮೇಲೆ ಅದು ಒಂದು ಕ್ಷಣ ಕೂತರೂ ನಾದ ಸತ್ತುಹೋಗುತ್ತದೆ. ಇವತ್ತು ಬರೀ ಇದೊಂದನ್ನೇ ಮಾಡಿ. ತಾಳ ಬೇಡ, ವೇಗ ಬೇಡ. ಅರ್ಧ ಇಂಚು ಒಳಗೆ, ಅರ್ಧ ಇಂಚು ಹೊರಗೆ ಹೊಡೆದು ನೋಡುತ್ತಾ ಹೋಗಿ. ಒಂದು ಜಾಗದಲ್ಲಿ ಸದ್ದು ಥಟ್ಟನೆ ತೆರೆದುಕೊಳ್ಳುತ್ತದೆ. ಆ ಜಾಗ ನಿಮ್ಮ ಕೈಗೆ ಗೊತ್ತಾಗಬೇಕು, ಕಣ್ಣಿಗಲ್ಲ.

ಇನ್ನು ಎಡಗೈ. ನನ್ನ ಪ್ರಕಾರ ಮಾರ್ತಿಯೊ ನಿಂತಿರುವುದೇ ಎಡಗೈ ಮೇಲೆ. ನೀವು ಬಲಗೈಯವರು ಅಂದುಕೊಂಡು ಹೇಳುತ್ತೇನೆ: ಕುರ್ಚಿಯ ಅಂಚಿಗೆ ಕೂತು ಬೊಂಗೊವನ್ನು ಮೊಣಕಾಲುಗಳ ನಡುವೆ ಹಿಡಿಯಿರಿ. ಮಾಚೊ ಎಡಕ್ಕೆ, ದೊಡ್ಡದು ಅಂದರೆ ಹೆಂಬ್ರಾ ಬಲಕ್ಕೆ. ತಾಳದ ಒಂದು ಸುತ್ತಿನಲ್ಲಿ ಎಂಟು ಪೆಟ್ಟು. 1, 3, 5, 7 ಬಲಗೈಯದು. 2, 4, 6, 8 ಎಡಗೈಯದು. ಬಲಗೈ ಮೊದಲ ಮೂರನ್ನೂ ಮಾಚೊ ಮೇಲೆ ಹೊಡೆದು, 7ಕ್ಕೆ ಹೆಂಬ್ರಾ ಮೇಲೆ ತುಂಬು ಸದ್ದು ತೆಗೆಯುತ್ತದೆ. ಎಡಗೈ ಮಾಚೊ ಬಿಟ್ಟು ಏಳುವುದೇ ಇಲ್ಲ: 2ಕ್ಕೆ ಬೆರಳ ತುದಿಗಳು, 4ಕ್ಕೆ ಹೆಬ್ಬೆರಳು, 6ಕ್ಕೆ ಬೆರಳ ತುದಿಗಳು, 8ಕ್ಕೆ ಹೆಬ್ಬೆರಳು. ಮಣಿಕಟ್ಟು ಆ ಕಡೆ ಈ ಕಡೆ ವಾಲುತ್ತದೆ, ಅಷ್ಟೇ.

ವಿಡಿಯೊದಲ್ಲಿ ಕಣ್ಣಿಗೆ ಬೀಳದ ಒಂದು ವಿಷಯವಿದೆ. 4 ಮತ್ತು 8ಕ್ಕೆ ಬಿದ್ದ ಹೆಬ್ಬೆರಳನ್ನು ತಕ್ಷಣ ಎತ್ತಬೇಡಿ. ಅದು ಚರ್ಮದ ಮೇಲೆ ಹಗುರವಾಗಿ ಒರಗಿರುವಾಗಲೇ ಬಲಗೈಯ ಮುಂದಿನ ಪೆಟ್ಟು, ಅಂದರೆ 5 ಮತ್ತು 1, ಬರುತ್ತದೆ. ಆಗ ಆ ಪೆಟ್ಟು ಒಣಗಿದ, ಚೂಪಾದ ಸದ್ದು ಕೊಡುತ್ತದೆ. 3 ಮಾತ್ರ ಬಿಚ್ಚು ಸದ್ದು, ಏಕೆಂದರೆ ಆಗ ಹೆಬ್ಬೆರಳು ಎದ್ದಿರುತ್ತದೆ. ಈ ವ್ಯತ್ಯಾಸ ಕೇಳಿಸಲು ಶುರುವಾದ ಮೇಲೆ ಮಾರ್ತಿಯೊ ಬರೀ ಲೆಕ್ಕವಾಗಿ ಉಳಿಯುವುದಿಲ್ಲ. ನನಗೆ ಬೊಂಗೊದಲ್ಲಿ ಅತಿ ಇಷ್ಟವಾದದ್ದೇ ಇದು.

ನೋವಿನ ಬಗ್ಗೆ ಒಂದು ಮಾತು, ದಯವಿಟ್ಟು ಗಂಭೀರವಾಗಿ ತಗೊಳ್ಳಿ. ಬೆರಳ ತುದಿ ಸ್ವಲ್ಪ ಚುರುಗುಟ್ಟುವುದು ಸಹಜ. ಗೆಣ್ಣು ಊದುವುದು ಸಹಜವಲ್ಲ. ಊತ ಇಳಿಯುವವರೆಗೆ ಬೊಂಗೊ ಮುಟ್ಟಬೇಡಿ. ಕೋಂಗಾವನ್ನು (ಕೈಯಲ್ಲಿ ಬಾರಿಸುವ ಎತ್ತರದ ಡ್ರಮ್) ಹೊತ್ತುಗಟ್ಟಲೆ ಜೋರಾಗಿ ಬಾರಿಸಿದವರ ಕೈಯಲ್ಲಿ ರಕ್ತಕಣಗಳು ಒಡೆದು, ಮೂತ್ರವೇ ಕೆಂಪು ಅಥವಾ ಕಂದು ಬಣ್ಣಕ್ಕೆ ತಿರುಗಿದ್ದು ವೈದ್ಯಕೀಯ ವರದಿಗಳಲ್ಲಿ ದಾಖಲಾಗಿದೆ. ಹಾಗೇನಾದರೂ ಕಂಡರೆ ಸೀದಾ ಡಾಕ್ಟರ್ ಹತ್ತಿರ ಹೋಗಿ.

ಹೊಸಲಯ:
ತುಂಬಾ ಥ್ಯಾಂಕ್ಸ್ ಸರ್. ಊತ ಇಳಿಯಲಿ ಅಂತ ಸುಮ್ಮನಿದ್ದು, ಈಗ ಕೈ ಹಿಂದಕ್ಕೆ ತಂದು ನೋಡಿದೆ. ನಿಜವಾಗಿಯೂ ‘ಟಣ್’ ಅಂತು! ಅಂದ ಹಾಗೆ, ಯಾರ ಬೊಂಗೊ ಕೇಳಿ ಕಲಿಯಬೇಕು? ಇಡೀ ಹಾಡಿಗೆ ಮಾರ್ತಿಯೊ ಒಂದೇ ಸಾಕಾ?

ಸೋನ್‌ಪ್ರೇಮಿ:
ಸಂತೋಷ. ಗಾಯಕ ಮಾಚಿತೊ ಅವರ ತಂಡದಲ್ಲಿ ಹೋಸೆ ಮಂಗುವಾಲ್ ಬಾರಿಸಿದ್ದನ್ನು ಕೇಳಿ. ಪೆಟ್ಟು ಎಷ್ಟು ಸ್ವಚ್ಛ ಇರಬಹುದು ಅನ್ನುವುದಕ್ಕೆ ನಾನು ಎಲ್ಲರಿಗೂ ಹೇಳುವ ಹೆಸರು ಅದು. ಆಮೇಲೆ ಕ್ಯೂಬಾದ ಸೆಕ್ಸ್‌ತೇತೊ ಹಬನೇರೊ ತಂಡದ 1920ರ ದಶಕದ ರೆಕಾರ್ಡಿಂಗ್‌ಗಳಿಗೆ ಹೋಗಿ. ಅಲ್ಲಿ ಬೊಂಗೊ ಒಂದೇ ತಾಳಕ್ಕೆ ಅಂಟಿಕೊಂಡಿರುವುದಿಲ್ಲ, ಹಾಡುಗಾರನ ಜೊತೆ ಮಾತಾಡುತ್ತಲೇ ಇರುತ್ತದೆ. ಬೆರಳಿನಿಂದ ಚರ್ಮ ಉಜ್ಜಿ ನರಳಿದಂಥ ಸದ್ದನ್ನೂ ತೆಗೆಯುತ್ತಾರೆ.

ಎರಡನೇ ಪ್ರಶ್ನೆಗೆ: ಇಲ್ಲ. ಸೋನ್ (ಕ್ಯೂಬಾದ ಒಂದು ಸಂಗೀತ ಶೈಲಿ) ಮತ್ತು ಅದರಿಂದ ಬೆಳೆದ ಸಾಲ್ಸಾದಲ್ಲಿ ಚರಣ ಹಾಡುವಾಗ ಮಾರ್ತಿಯೊ. ಕೋರಸ್‌ಗೂ ಗಾಯಕನಿಗೂ ಸವಾಲ್-ಜವಾಬ್ ನಡೆಯುವ ಭಾಗ, ಅಂದರೆ ಮೊಂತುನೊ ಬಂದಾಗ ಬೊಂಗೊದವರು ಸಾಮಾನ್ಯವಾಗಿ ಬೊಂಗೊ ಬಿಟ್ಟು ಕೋಲಿನಿಂದ ಬಡಿಯುವ ಕೈಗಂಟೆ ಎತ್ತಿಕೊಳ್ಳುತ್ತಾರೆ.

ಬಿಗಿತೊಗಲು:
ಗಂಟೆ ಈಗಲೇ ಕೊಳ್ಳಬೇಡಿ. ಬಿಗಿ ಮಾಡಿದ ಹೊಸ ಚರ್ಮ ಮತ್ತೆ ಸಡಿಲವಾಗುತ್ತದೆ. ಮೊದಮೊದಲು ಬಾರಿಸಲು ಕೂತಾಗಲೆಲ್ಲ ಟ್ಯೂನಿಂಗ್ ನೋಡಿಕೊಳ್ಳಿ.