ಆಟಕ್ಕೆ ಪುಡಿ ಶತ್ರುಗಳನ್ನು ಬೇಗ ತಯಾರಿಸಿಕೊಳ್ಳುವುದು ಹೇಗೆ? ನಿಮ್ಮ ಅನುಭವ ಹೇಳಿ

ಪ್ರಶ್ನೆ:
ಡಂಜನ್ಸ್ ಅಂಡ್ ಡ್ರಾಗನ್ಸ್ ಐದನೇ ಆವೃತ್ತಿ ಆಡಿಸುತ್ತಿದ್ದೇನೆ. ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಆಟ, ಕತೆ ನಡೆಸಿ ಶತ್ರುಗಳನ್ನು ಆಡಿಸುವವನು ನಾನು. ದೊಡ್ಡ ವಿಲನ್‌ಗೆ ತಯಾರಿ ಮಾಡುವುದು ಖುಷಿಯ ಕೆಲಸ. ತಲೆನೋವು ಇರುವುದು ಪುಡಿ ಶತ್ರುಗಳದ್ದು. ಕಾವಲುಗಾರರು, ದಾರಿಗಳ್ಳರು, ವಿಲನ್‌ನ ಚೇಲಾಗಳು. ನಾನು ಎಣಿಸದೇ ಇದ್ದ ಬಾಗಿಲನ್ನೇ ಆಟಗಾರರು ಒದ್ದು ತೆರೆಯುತ್ತಾರೆ. ಒಳಗೆ ಯಾರಾದರೂ ಇರಲೇಬೇಕಲ್ವಾ? ಪುಸ್ತಕ ತಿರುವಿ ಹಾಕುವಷ್ಟರಲ್ಲಿ ಎಲ್ಲರ ಕೈಗೂ ಮೊಬೈಲ್ ಬಂದಿರುತ್ತದೆ. ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ಉತ್ತರ:
ಹೊಸದಾಗಿ ಮಾಡಲೇಬೇಡಿ. ಇರುವವರಿಗೇ ವೇಷ ಹಾಕಿಸಿ. ಒಂದು ಚೀಟಿಯಲ್ಲಿ ನಾಲ್ಕೈದು ಜನರ ಅಂಕಿ ಬರೆದಿಟ್ಟುಕೊಂಡರೆ ಸಾಕು. 2014ರ ನಿಯಮಗಳ ಪ್ರಕಾರ ನನ್ನ ಚೀಟಿ ಹೀಗಿದೆ. ದಾರಿಗಳ್ಳ: ಆರ್ಮರ್ ಕ್ಲಾಸ್ (ಅವನಿಗೆ ಏಟು ತಾಗಲು ಬೇಕಾದ ಸಂಖ್ಯೆ) 12, ಹಿಟ್ ಪಾಯಿಂಟ್ (ಎಷ್ಟು ಹಾನಿ ತಡೆಯುತ್ತಾನೆ) 11, ದಾಳಿಗೆ +3 (ದಾಳಕ್ಕೆ ಕೂಡಿಸುವುದು), ಹಾನಿ 4. ಉಳಿದವರದ್ದೂ ಇದೇ ಕ್ರಮದಲ್ಲಿ. ಗಾಬ್ಲಿನ್ (ಕುಳ್ಳ ರಾಕ್ಷಸ): 15, 7, +4, ಹಾನಿ 5. ತೋಳ: 13, 11, +4, ಹಾನಿ 7, ಕಚ್ಚಿದರೆ ಕೆಳಗೆ ಬೀಳಿಸಬಹುದು. ರೌಡಿ: 11, 32, +4, ಸರದಿಗೆ ಎರಡು ಏಟು, ಒಂದಕ್ಕೆ 5. ಓಗರ್ (ದೈತ್ಯ ರಾಕ್ಷಸ): 11, 59, +6, ಹಾನಿ 13.

ಈಗ ವೇಷ. ಉದ್ದನೆಯ ಕೊಕ್ಕೆ ಕೋಲಿನಿಂದ ಕಾಲು ಎಳೆದು ಬೀಳಿಸುವ ಕಾವಲುಗಾರ ಬೇಕೇ? ಅವನು ತೋಳ. ಎದ್ದು ನಡೆಯುವ ಕಲ್ಲಿನ ವಿಗ್ರಹ ಬೇಕೇ? ಅದು ಓಗರ್. ಹೊಡೆದು ಬಚ್ಚಿಟ್ಟುಕೊಳ್ಳುವ ಜೇಬುಗಳ್ಳ ಗಾಬ್ಲಿನ್, ಏಕೆಂದರೆ ಹೊಡೆದ ಮೇಲೆ ಅದೇ ಸರದಿಯಲ್ಲಿ ಅಡಗುವ ಕಲೆ ಗಾಬ್ಲಿನ್‌ಗೆ ಮೊದಲೇ ಇದೆ. ಆಟಗಾರರಿಗೆ ಕಾಣುವುದು ನಿಮ್ಮ ವರ್ಣನೆ ಮಾತ್ರ, ಚೀಟಿ ಅಲ್ಲ. ಹಾನಿಗೆ ದಾಳವನ್ನೂ ಉರುಳಿಸಬೇಡಿ. ಸರಾಸರಿಯನ್ನು ಪುಸ್ತಕದಲ್ಲೇ ಅಚ್ಚು ಹಾಕಿರುವುದು ಅದಕ್ಕೇ.

ಉತ್ತರ:
ನ್ಯೂಮನೇರಾ ಎಂಬ ಇನ್ನೊಂದು ಆಟ ಆಡಿದವರಿಗೆ ಇದು ಗೊತ್ತಿರುತ್ತದೆ. ಅಲ್ಲಿ ಶತ್ರುವಿಗೆ ಒಂದೇ ಅಂಕಿ, ಅವನ ಮಟ್ಟ. ಅದನ್ನು ಮೂರರಿಂದ ಗುಣಿಸಿದರೆ ಅವನನ್ನು ಹೊಡೆಯಲು ದಾಳದಲ್ಲಿ ಬೀಳಬೇಕಾದ ಸಂಖ್ಯೆ ಸಿಗುತ್ತದೆ. ಆರೋಗ್ಯವೂ ಸಾಮಾನ್ಯವಾಗಿ ಅಷ್ಟೇ. ಹಾನಿ ಅಂದರೆ ಮಟ್ಟವೇ. ಮಟ್ಟ 3ರ ಕಾವಲುಗಾರ ಅಂದರೆ 9, 9, 3. ಮುಗೀತು. ಏನಾದರೂ ವಿಶೇಷ ಬೇಕಿದ್ದರೆ ‘ಕಳ್ಳ ಹೆಜ್ಜೆ ಗುರುತಿಸುವುದರಲ್ಲಿ ಮಟ್ಟ 5’ ಎಂದು ಒಂದು ಸಾಲು ಸೇರಿಸಿ. ಬೇರೆ ಆಟಕ್ಕೆ ಇದನ್ನು ಹಾಗೇ ಎತ್ತಿ ಹಾಕಲು ಬರುವುದಿಲ್ಲ. ಆದರೆ ಒಂದು ಅಂಕಿಯಿಂದ ಉಳಿದದ್ದನ್ನು ಹೊರಡಿಸುವ ಅಭ್ಯಾಸ ಎಲ್ಲ ಕಡೆಯೂ ಉಪಯೋಗಕ್ಕೆ ಬರುತ್ತದೆ.

ಉತ್ತರ:
ಗುಂಪಾಗಿ ಬರುವವರ ಬಗ್ಗೆ ಹೇಳುತ್ತೇನೆ. ಡಂಜನ್ಸ್ ಅಂಡ್ ಡ್ರಾಗನ್ಸ್‌ನ 2008ರ ನಾಲ್ಕನೇ ಆವೃತ್ತಿಯಲ್ಲಿ ‘ಮಿನಿಯನ್’ ಎಂಬ ಜಾತಿಯೇ ಇತ್ತು. ಒಬ್ಬೊಬ್ಬನಿಗೆ ಒಂದೇ ಹಿಟ್ ಪಾಯಿಂಟ್. ತಾಗಿದರೆ ಸತ್ತ. ಜೊತೆಗೆ, ತಪ್ಪಿದ ದಾಳಿಯಿಂದ ಮಿನಿಯನ್‌ಗೆ ಯಾವತ್ತೂ ಹಾನಿ ಇಲ್ಲ ಎಂಬ ನಿಯಮವೂ ಇತ್ತು. ಐದನೇ ಆವೃತ್ತಿಗೆ ಮಿನಿಯನ್ ತರುವವರು ಜಾಸ್ತಿ ಮರೆಯುವುದು ಇದನ್ನೇ. ಸೇವ್ (ತಪ್ಪಿಸಿಕೊಳ್ಳಲು ಉರುಳಿಸುವ ದಾಳ) ಗೆದ್ದರೂ ಅರ್ಧ ಹಾನಿ ಮಾಡುವ ಮಂತ್ರ ಒಂದೇ ಸಲಕ್ಕೆ ಇಡೀ ಕೋಣೆ ಗುಡಿಸಿಬಿಡುತ್ತದೆ. ಸೇವ್ ಗೆದ್ದ ಮಿನಿಯನ್‌ಗೆ ಏನೂ ಆಗುವುದಿಲ್ಲ ಎಂದು ಮೊದಲೇ ಹೇಳಿಬಿಡಿ.

ನನಗೆ ಇನ್ನೂ ಹಿಡಿಸಿದ್ದು 13ತ್ ಏಜ್ ಎಂಬ ಆಟದ ಕ್ರಮ. ಪುಡಿಗಳೆಲ್ಲ ಸೇರಿ ಒಂದೇ ಹಿಟ್ ಪಾಯಿಂಟ್ ರಾಶಿ. ಐವರು, ತಲೆಗೆ 6, ಒಟ್ಟು 30 ಎಂದುಕೊಳ್ಳಿ. ಒಂದು ಏಟಿಗೆ 14 ಹೋಯಿತೆಂದರೆ ಇಬ್ಬರು ಬಿದ್ದರು, ಮೂರನೆಯವನಿಗೆ 2 ತಾಗಿತು. ಬರೆದುಕೊಳ್ಳುವುದು ಒಂದೇ ಸಂಖ್ಯೆ. ಕೊಡಲಿ ಹಿಡಿದ ಆಟಗಾರನಿಗೆ ಒಂದೇ ಬೀಸಿಗೆ ಇಬ್ಬರನ್ನು ಉರುಳಿಸಿದ ಸಂತೋಷವೂ ಸಿಗುತ್ತದೆ.

ತೀರಾ ದೊಡ್ಡ ಗುಂಪು ಬಂದರೆ ದಾಳ ಬಿಟ್ಟುಬಿಡಿ. ಆಡಿಸುವವರಿಗೆಂದೇ ಇರುವ 2014ರ ಪುಸ್ತಕ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಇದಕ್ಕೊಂದು ಕೋಷ್ಟಕ ಇದೆ. ಏಟು ತಾಗಲು ಇಪ್ಪತ್ತು ಮುಖದ ದಾಳದಲ್ಲಿ 6ರಿಂದ 12 ಬೇಕಿದ್ದರೆ ಇಬ್ಬರಲ್ಲಿ ಒಬ್ಬನದು ತಾಗಿತು ಎಂದುಕೊಳ್ಳುವುದು. 13 ಅಥವಾ 14 ಬೇಕಿದ್ದರೆ ಮೂವರಲ್ಲಿ ಒಬ್ಬನದು.

ಉತ್ತರ:
ಎಲ್ಲರೂ ಅಂಕಿಯ ಹಿಂದೆ ಬಿದ್ದಿದ್ದೀರಿ. ಅಂಕಿ ಸಿಕ್ಕರೂ ಅವನು ಸುಮ್ನೆ ನಿಂತು ಸಾಯುವವನಾದರೆ ಏನು ಮಜಾ? ನಾನು ಪ್ರತಿ ಪುಡಿಗೂ ಎರಡೇ ವಿಷಯ ಬರೆಯುತ್ತೇನೆ. ಅವನಿಗೆ ಏನು ಬೇಕು? ಯಾವಾಗ ಓಡುತ್ತಾನೆ? ‘ಸಂಬಳಕ್ಕೆ ಬಂದವನು, ನಾಯಕ ಬಿದ್ದರೆ ಓಡುತ್ತಾನೆ.’ ‘ತಮ್ಮ ಒಳಗಿದ್ದಾನೆ, ಓಡುವುದಿಲ್ಲ.’ ಅಂಕಿ ಒಂದೇ ಇರಲಿ, ಇವರಿಬ್ಬರ ಜೊತೆಗಿನ ಕಾದಾಟವೇ ಬೇರೆ.

ಹಳೆಯ ಆಟಗಳಲ್ಲಿ ಇದಕ್ಕೆ ನಿಯಮವೇ ಇತ್ತು. 1981ರ ಡಂಜನ್ಸ್ ಅಂಡ್ ಡ್ರಾಗನ್ಸ್ ಬೇಸಿಕ್ ನಿಯಮಗಳಲ್ಲಿ ಪ್ರತಿ ಜೀವಿಗೂ ಮೊರಾಲ್ (ಧೈರ್ಯದ) ಅಂಕಿ. ಮೊದಲ ಸಾವಾದಾಗ ಒಮ್ಮೆ, ಅರ್ಧ ಜನ ಬಿದ್ದಾಗ ಇನ್ನೊಮ್ಮೆ ಎರಡು ಆರು ಮುಖದ ದಾಳ ಉರುಳಿಸುವುದು. ಅಂಕಿ ಮೀರಿದರೆ ಧೈರ್ಯ ಹೋಯಿತು. ಗಾಬ್ಲಿನ್‌ಗೆ 7, ಅಂದರೆ 100ಕ್ಕೆ ಸುಮಾರು 42 ಸಲ ಓಡುತ್ತದೆ. ಗಾಬ್ಲಿನ್ ರಾಜ ಬದುಕಿ ಜೊತೆಗಿದ್ದರೆ 9, ಆಗ ಆರಕ್ಕೆ ಒಂದು ಸಲ ಮಾತ್ರ. ಇದು ಗೊತ್ತಾದ ಆಟಗಾರರು ಮೊದಲು ನಾಯಕನನ್ನು ಹುಡುಕುತ್ತಾರೆ. ಐದನೇ ಆವೃತ್ತಿಗೂ ಹಾಗೇ ಜೋಡಿಸಬಹುದು. ಕಾದಾಟ ಅರ್ಧಕ್ಕೇ ಮುಗಿಯುವುದರಿಂದ ಸಮಯವೂ ಉಳಿಯುತ್ತದೆ, ಓಡಿಹೋದವನು ಮುಂದಿನ ಕತೆಗೂ ಸಿಗುತ್ತಾನೆ.

ಉತ್ತರ:
ಹೆಸರಿನ ಪಟ್ಟಿ ಇಟ್ಟುಕೊಳ್ಳಿ. ಕೊಟ್ಟ ಹೆಸರನ್ನು ಹೊಡೆದುಹಾಕುತ್ತಾ ಹೋಗಿ. ಆಟಗಾರರು ಕಾವಲುಗಾರನ ಹೆಸರು ಕೇಳಿದಾಗ ತಡವರಿಸಿದರೆ, ಇವನನ್ನು ಈಗ ತಾನೇ ಹುಟ್ಟಿಸಿದ್ದು ಎಂದು ಗೊತ್ತಾಗಿಬಿಡುತ್ತದೆ.

ಪ್ರಶ್ನೆ ಕೇಳಿದವರು:
ಚೀಟಿ ಮತ್ತು ಮೊರಾಲ್ ಎರಡೂ ಈ ವಾರವೇ ಪ್ರಯೋಗ ಮಾಡುತ್ತೇನೆ. ಇನ್ನೊಂದು ವಿಷಯ. ಮಂತ್ರ ಹಾಕುವ ಪುಡಿಗಳನ್ನು ಏನು ಮಾಡುವುದು? ಮಂತ್ರಗಳ ಪಟ್ಟಿ ನೋಡಿದರೇ ಸುಸ್ತಾಗುತ್ತದೆ.

ಉತ್ತರ:
ಪಟ್ಟಿ ಮುಚ್ಚಿಡಿ. ಅವನು ಬದುಕುವುದೇ ಎರಡು ಮೂರು ಸುತ್ತು. ಒಂದು ಏಟು, ಒಂದು ಕಾಟ ಕೊಟ್ಟರೆ ಸಾಕು. ಏಟಿಗೆ ಬೆಂಕಿ ಎಸೆತ, +4, ಹಾನಿ 5. ಕಾಟಕ್ಕೆ ಮಂಜು ಕವಿಸುವುದೋ, ಒಬ್ಬರ ಕಾಲನ್ನು ನೆಲಕ್ಕೆ ಅಂಟಿಸುವುದೋ, ಸೇವ್‌ಗೆ ಡಿಸಿ (ಗೆಲ್ಲಲು ಬೇಕಾದ ಸಂಖ್ಯೆ) 12. ಕಾಟ ಒಂದೇ ಸಲ. ಉಳಿದ ಅಂಕಿಗಳು ಮೇಲಿನ ದಾರಿಗಳ್ಳನವೇ ಇರಲಿ, ಆದರೆ ಆರ್ಮರ್ ಕ್ಲಾಸ್ 10ಕ್ಕೆ ಇಳಿಸಿ. ಗುಂಪಿನಲ್ಲಿ ಇಂಥವನು ಒಬ್ಬನೇ ಇರಲಿ. ಇಬ್ಬರಾದರೆ ಆಟಗಾರರಿಗಿಂತ ಮೊದಲು ನಿಮಗೇ ಸಾಕಾಗುತ್ತದೆ.